ಆರ್‌ಸಿ ಕಾರಿನ ಬ್ಯಾಟರಿ: ಚಾರ್ಜಿಗೆ ಹಾಕುವ ಕ್ರಮ

ರೇಡಿಯೊ ನಿಯಂತ್ರಿತ ಹವ್ಯಾಸಿ ಕಾರು ಕೊಳ್ಳುವಾಗ ಎಲ್ಲರೂ ಮೋಟಾರು, ಟೈರು, ವೇಗಗಳ ಬಗ್ಗೆ ಹತ್ತು ಪ್ರಶ್ನೆ ಕೇಳುತ್ತಾರೆ. ಚಾರ್ಜರ್ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಅಂಗಡಿಯವರು ‘ಎಲ್ಲಾದಕ್ಕೂ ಇದ ನಡೀತೈತ್ರಿ’ ಎಂದು ಕೈಗಿಟ್ಟದ್ದನ್ನು ತಂದು ಗೋಡೆಗೆ ಸಿಕ್ಕಿಸುತ್ತಾರೆ. ಎಲ್ಲದಕ್ಕೂ ನಡೆಯುವ ಚಾರ್ಜರ್ ಇದೆ, ನಿಜ. ಆದರೆ ಅದಕ್ಕೆ ಯಾವ ಬ್ಯಾಟರಿ ಎಂದು ಹೇಳಬೇಕಾದವರು ನಾವೇ.

ಆದ್ದರಿಂದ ಮೊದಲ ಕೆಲಸ ಪ್ಯಾಕಿನ ಮೇಲಿನ ಚೀಟಿ ಓದುವುದು. ಹವ್ಯಾಸಿ ಕಾರುಗಳಲ್ಲಿ ಈಗ ಮುಖ್ಯವಾಗಿ ಎರಡು ಬಗೆಯ ಪ್ಯಾಕ್‌ಗಳಿವೆ. ಒಂದು ನಿಕಲ್ ಮೆಟಲ್ ಹೈಡ್ರೈಡ್. ಇದರ ಒಂದೊಂದು ಸೆಲ್ 1.2 ವೋಲ್ಟಿನದು, ಆರು ಸೆಲ್ ಸೇರಿ 7.2 ವೋಲ್ಟ್. ಇನ್ನೊಂದು ಲಿಥಿಯಂ ಪಾಲಿಮರ್, ರೂಢಿಯಲ್ಲಿ ಲಿಪೊ. ಇದರ ಸೆಲ್ 3.7 ವೋಲ್ಟಿನದಾದ್ದರಿಂದ ಎರಡು ಸೆಲ್ಲಿನ ಪ್ಯಾಕಿನ ಮೇಲೆ 7.4 ಎಂದೂ ಮೂರು ಸೆಲ್ಲಿನದರ ಮೇಲೆ 11.1 ಎಂದೂ ಬರೆದಿರುತ್ತದೆ. 7.2 ಮತ್ತು 7.4 ಅಂಕಿಗಳು ಹತ್ತಿರವಿದ್ದರೂ ಇವುಗಳ ಒಳಗಿನ ರಸಾಯನ ಪೂರ್ತಿ ಬೇರೆ. ನಿಕಲ್ ಪ್ಯಾಕ್ ತುಂಬಿದಾಗ ಅದರ ವೋಲ್ಟೇಜ್ ತುಸು ಕೆಳಗಿಳಿಯುತ್ತದೆ, ಆ ಇಳಿತವನ್ನು ಗುರುತಿಸಿಯೇ ಎಲ್ಲದಕ್ಕೂ ನಡೆಯುವ ಚಾರ್ಜರ್ ನಿಲ್ಲುತ್ತದೆ. ಲಿಪೊದಲ್ಲಿ ಅಂತಹ ಇಳಿತವಿಲ್ಲ. ಲಿಪೊವನ್ನು ನಿಕಲ್ ಮೋಡ್‌ನಲ್ಲಿ ಹಾಕಿದರೆ, ಬಾರದ ಇಳಿತಕ್ಕಾಗಿ ಕಾಯುತ್ತಾ ಚಾರ್ಜರ್ ಸೆಲ್‌ಗಳನ್ನು 4.2 ವೋಲ್ಟಿನ ಮಿತಿಯಾಚೆಗೆ ತಳ್ಳುತ್ತದೆ. ಪ್ಯಾಕ್ ಉಬ್ಬುವುದೂ ಬೆಂಕಿ ಹತ್ತುವುದೂ ಅಲ್ಲಿಂದಲೇ.

ನಿಕಲ್ ಪ್ಯಾಕಿನ ವಿಷಯ ಸರಳ. ಕಾರಿನ ಪೆಟ್ಟಿಗೆಯಲ್ಲಿ ಬರುವ ಸಣ್ಣ ಗೋಡೆ ಚಾರ್ಜರ್‌ಗಳಲ್ಲಿ ಅನೇಕವು ತಾವಾಗಿ ನಿಲ್ಲುವುದಿಲ್ಲ, ಗಡಿಯಾರ ನೋಡಿ ನಾವೇ ತೆಗೆಯಬೇಕು. 3000 ಎಂಎಎಚ್ (ಮಿಲಿಆಂಪಿಯರ್-ಅವರ್, ಪ್ಯಾಕಿನಲ್ಲಿ ಹಿಡಿಯುವ ಚಾರ್ಜಿನ ಅಳತೆ) ಪ್ಯಾಕನ್ನು 500 ಮಿಲಿಆಂಪಿಯರ್ ಚಾರ್ಜರ್‌ಗೆ ಹಾಕಿದರೆ ಲೆಕ್ಕಕ್ಕೆ ಆರು ತಾಸು. ಶಾಖವಾಗಿ ಹೋಗುವ ಪಾಲನ್ನೂ ಸೇರಿಸಿದರೆ ಏಳು ತಾಸಿಗೆ ತುಸು ಹೆಚ್ಚು. ರಾತ್ರಿ ಹಾಕಿ ಬೆಳಗ್ಗೆ ತೆಗೆಯುವ ರೂಢಿ ಇದಕ್ಕೆ ಸಲ್ಲದು. ಕೊನೆಯಲ್ಲಿ ಪ್ಯಾಕ್ ಕೈಗೆ ಬೆಚ್ಚಗಾಗುವುದು ಸಹಜ, ಹಿಡಿಯಲಾರದಷ್ಟು ಬಿಸಿಯಾಗುವುದು ಸಹಜವಲ್ಲ.

ಹೆಚ್ಚು ಹೇಳಬೇಕಾದದ್ದು ಲಿಪೊ ಬಗ್ಗೆ. ಅದರಿಂದ ಎರಡು ಬಗೆಯ ತಂತಿಗಳು ಹೊರಬರುತ್ತವೆ: ಕಾರಿಗೆ ಶಕ್ತಿ ಕೊಡುವ ದಪ್ಪ ಜೋಡಿ, ಮತ್ತು ಬಿಳಿ ಪ್ಲಗ್ಗಿನ ತೆಳು ತಂತಿಗಳು. ಎರಡನೆಯದು ಬ್ಯಾಲೆನ್ಸ್ ಪ್ಲಗ್. ಎರಡು ಸೆಲ್ಲಿನ ಪ್ಯಾಕಿಗೆ ಮೂರು ತಂತಿ, ಮೂರು ಸೆಲ್ಲಿನದಕ್ಕೆ ನಾಲ್ಕು. ಪ್ರತಿ ಸೆಲ್ಲಿನ ವೋಲ್ಟೇಜನ್ನು ಪ್ರತ್ಯೇಕವಾಗಿ ಅಳೆದು ಸರಿದೂಗಿಸಲು ಚಾರ್ಜರ್‌ಗೆ ಇದೊಂದೇ ದಾರಿ. ಪ್ರತಿ ಸಲವೂ ಎರಡನ್ನೂ ಜೋಡಿಸಬೇಕು. ಅವಸರವಿದೆಯೆಂದು ದಪ್ಪ ತಂತಿ ಮಾತ್ರ ಹಾಕಿ ಚಾರ್ಜ್ ಮಾಡುವವರನ್ನು ಕಂಡಿದ್ದೇನೆ. ಹಾಗೆ ಉಳಿಸುವ ಕಾಲು ತಾಸು ಪ್ಯಾಕಿನ ಬೆಲೆಯ ಮುಂದೆ ಏನೂ ಅಲ್ಲ.

ಜೋಡಿಸುವ ಕ್ರಮಕ್ಕೂ ಅರ್ಥವಿದೆ. ಚಾರ್ಜರ್‌ನ ವೈರನ್ನು ಮೊದಲು ಚಾರ್ಜರ್‌ಗೆ ಸಿಕ್ಕಿಸಿ, ಆಮೇಲೆ ಬ್ಯಾಟರಿಗೆ ಹಚ್ಚಬೇಕು. ಉಲ್ಟಾ ಮಾಡಿದರೆ, ಬ್ಯಾಟರಿಗೆ ಕೂಡಿದ ವೈರಿನ ಇನ್ನೊಂದು ತುದಿಯ ಎರಡು ಲೋಹದ ಪಿನ್‌ಗಳು ಬರಿದಾಗಿ ತೂಗಾಡುತ್ತಿರುತ್ತವೆ. ಅವು ಒಂದಕ್ಕೊಂದು ತಾಗಿದರೆ ಕಣ್ಣು ಕುಕ್ಕುವ ಕಿಡಿ, ಪಿನ್ ಕರಗುವುದೂ ಉಂಟು. ತೆಗೆಯುವಾಗ ಬ್ಯಾಟರಿಯ ಕಡೆಯಿಂದ ಮೊದಲು.

ಬಳಿಕ ಚಾರ್ಜರ್‌ನಲ್ಲಿ ಲಿಪೊ ಬ್ಯಾಲೆನ್ಸ್ ಮೋಡ್ ಆರಿಸಿ, ಸೆಲ್‌ಗಳ ಸಂಖ್ಯೆಯನ್ನೂ ಕರೆಂಟನ್ನೂ ಗೊತ್ತುಪಡಿಸಬೇಕು. ಕರೆಂಟಿನ ನಿಯಮ ಸುಲಭ: 5000 ಎಂಎಎಚ್ ಪ್ಯಾಕಿಗೆ 5 ಆಂಪಿಯರ್, 2200ರದಕ್ಕೆ 2.2. ಇದನ್ನೇ 1ಸಿ ಎನ್ನುತ್ತಾರೆ. ಪ್ಯಾಕಿನ ಮೇಲೆ ದೊಡ್ಡದಾಗಿ ಅಚ್ಚಾಗಿರುವ 50ಸಿ ಕಾರಿಗೆ ಶಕ್ತಿ ಹರಿಸುವ ಮಿತಿಯೇ ಹೊರತು ಚಾರ್ಜಿಂಗಿನದಲ್ಲ. ಚಾರ್ಜರ್‌ನ ವ್ಯಾಟ್ ಕೂಡ ನೋಡಬೇಕು. ಎರಡು ಸೆಲ್ಲಿನ ಪ್ಯಾಕನ್ನು 5 ಆಂಪಿಯರ್‌ನಲ್ಲಿ ತುಂಬಲು 42 ವ್ಯಾಟ್ ಸಾಕು, ಮೂರು ಸೆಲ್ಲಿಗೆ 63 ಬೇಕು. 50 ವ್ಯಾಟಿನ ಚಾರ್ಜರ್ ಇದ್ದವರಿಗೆ ಅಲ್ಲಿ ಪ್ಯಾಕ್ ತುಂಬುತ್ತ ಬಂದಾಗ ಸಿಗುವುದು ಸುಮಾರು 4 ಆಂಪಿಯರ್ ಮಾತ್ರ. ಅದರಿಂದ ಹಾನಿಯಿಲ್ಲ, ಸಮಯ ಹೆಚ್ಚು ಹಿಡಿಯುತ್ತದೆ ಅಷ್ಟೆ.

ಚಾರ್ಜರ್‌ನ ಪರದೆಯನ್ನು ಆಗಾಗ ನೋಡುತ್ತಿರಬೇಕು. ಆರಂಭದಲ್ಲಿ 3.71, 3.70 ಎಂದಿದ್ದ ಸೆಲ್‌ಗಳ ವೋಲ್ಟೇಜ್ ಅಂಕಿಗಳು ಜೊತೆಜೊತೆಯಾಗಿ ಏರುತ್ತವೆ. ಸೆಲ್‌ಗಳು 4.20ರ ಹತ್ತಿರ ಬಂದ ಮೇಲೆ ವೋಲ್ಟೇಜ್ ಅಲ್ಲಿಯೇ ನಿಂತು ಕರೆಂಟು ಇಳಿಯತೊಡಗುತ್ತದೆ. ನಳದ ಕೆಳಗಿನ ಕೊಡ ಕಂಠಮಟ್ಟಕ್ಕೆ ಬಂದಾಗ ನಾವು ತಿರುವು ಸಣ್ಣಗೆ ಮಾಡುವ ಹಾಗೆ. 5.0 ಆಂಪಿಯರ್ ಇದ್ದದ್ದು 2, ಆಮೇಲೆ 0.5 ಆಗುವುದನ್ನು ನೋಡಿ ಚಾರ್ಜರ್ ಕೆಟ್ಟಿತೆಂದು ತಿಳಿಯಬಾರದು. ಆದರೆ ಒಂದು ಸೆಲ್ 4.20 ಮುಟ್ಟಿದಾಗ ಇನ್ನೊಂದು 4.05ರಲ್ಲೇ ಉಳಿದು, ಇದೇ ಪ್ರತಿ ಸಲವೂ ಮರುಕಳಿಸಿದರೆ ಪ್ಯಾಕಿನ ಒಂದು ಸೆಲ್ ಸೋಲುತ್ತಿದೆ ಎಂದರ್ಥ.

ಸೆಲ್ 3 ವೋಲ್ಟಿಗಿಂತ ಕೆಳಗಿಳಿದಿದ್ದರೆ ಅನೇಕ ಚಾರ್ಜರ್‌ಗಳು ಚಾರ್ಜ್ ಮಾಡಲು ಒಪ್ಪುವುದಿಲ್ಲ. ನಿಕಲ್ ಮೋಡ್‌ನಲ್ಲಿ ಸ್ವಲ್ಪ ಹೊತ್ತು ಹಾಕಿ ‘ಎಬ್ಬಿಸುವ’ ಉಪಾಯವನ್ನು ಯಾರಾದರೂ ಹೇಳಿಕೊಟ್ಟರೆ ಕೇಳಬಾರದು. ಬದಲಿಗೆ ಕಾರಿನ ಸ್ಪೀಡ್ ಕಂಟ್ರೋಲರ್‌ನಲ್ಲಿ (ಮೋಟಾರಿನ ವೇಗ ನಿಯಂತ್ರಿಸುವ ಭಾಗ) ಲಿಪೊ ಕಟ್-ಆಫ್, ಅಂದರೆ ವೋಲ್ಟೇಜ್ ತೀರ ಇಳಿಯುವ ಮೊದಲೇ ಮೋಟಾರು ನಿಲ್ಲಿಸುವ ವ್ಯವಸ್ಥೆ, ಆನ್ ಆಗಿದೆಯೇ ಎಂದು ಓಡಿಸುವ ಮೊದಲೇ ನೋಡಿಕೊಂಡರೆ ಆ ಪರಿಸ್ಥಿತಿಯೇ ಬರುವುದಿಲ್ಲ.

ನಮ್ಮ ಭಾಗದ ಎರಡು ಮಾತು ಇಲ್ಲಿ ಸೇರಿಸಬೇಕು. ಧಾರವಾಡ, ಗದಗ ಸುತ್ತಲಿನ ಎರೆ ಮಣ್ಣಿನಲ್ಲಿ ಮಳೆಗಾಲದಲ್ಲಿ ಕಾರು ಓಡಿಸಿದರೆ ಮಣ್ಣು ಗಾಲಿಗೆ ಮೆತ್ತಿಕೊಂಡು ಮೋಟಾರು ತಿಣುಕುತ್ತದೆ, ಪ್ಯಾಕ್ ಕಾದುಬಿಡುತ್ತದೆ. ಏಪ್ರಿಲ್-ಮೇ ತಿಂಗಳ ಮಧ್ಯಾಹ್ನವಂತೂ ಗಾಳಿಯೇ ಬಿಸಿ. ಕಾದ ಪ್ಯಾಕನ್ನು ನೆರಳಿನಲ್ಲಿ ಇರಿಸಿ, ಪೂರ್ತಿ ಆರಿದ ಮೇಲೆಯೇ ಚಾರ್ಜಿಗೆ ಹಾಕಬೇಕು. 45 ಡಿಗ್ರಿ ಸೆಲ್ಸಿಯಸ್ ಮೀರಿದ ಲಿಪೊವನ್ನು ಚಾರ್ಜ್ ಮಾಡಬಾರದು. ಇನ್ನೊಂದು, ಕರೆಂಟು ಹೋಗುವುದು. ನಡುವೆ ಹೋಗಿ ಬಂದರೆ ಸಾಮಾನ್ಯವಾಗಿ ಚಾರ್ಜರ್ ಮೊದಲಿನಿಂದ ಮೋಡ್ ಕೇಳುತ್ತದೆ. ಅವಸರದಲ್ಲಿ ಗುಂಡಿ ಒತ್ತದೆ, ಬಗೆಯನ್ನೂ ಸೆಲ್ ಸಂಖ್ಯೆಯನ್ನೂ ಮತ್ತೆ ಓದಬೇಕು. 12 ವೋಲ್ಟ್ ಡಿಸಿಗೆ ಒಗ್ಗುವ ಚಾರ್ಜರ್ ಇದ್ದವರು ಮೈದಾನದಲ್ಲಿ ನಾವು ಓಡಾಡುವ ದೊಡ್ಡ ಕಾರಿನ ಬ್ಯಾಟರಿಯಿಂದ ಚಾರ್ಜ್ ಮಾಡಬಹುದು. ಬೈಕಿನದು ಬೇಡ: ಎರಡು ಸೆಲ್ಲಿನ 5000ದ ಒಂದು ಪ್ಯಾಕ್ ತುಂಬುವಷ್ಟರಲ್ಲಿ ಅದರಿಂದ ಸುಮಾರು ನಾಲ್ಕು ಆಂಪಿಯರ್-ಅವರ್ ಖರ್ಚಾಗಿ, ಮನೆಗೆ ಹೊರಡುವಾಗ ಸೆಲ್ಫ್ ಎತ್ತುವುದಿಲ್ಲ.

ಮನೆಯಲ್ಲಿ ಜಾಗ ಆರಿಸುವಾಗ ಫರ್ಸಿ ಕಲ್ಲಿನ ನೆಲ ಒಳ್ಳೆಯದು. ಹಾಸಿಗೆ, ಪರದೆ, ಅಡುಗೆ ಸಿಲಿಂಡರುಗಳ ಹತ್ತಿರ ಕೂಡದು. ಲಿಪೊಗಾಗಿಯೇ ಸಿಗುವ ಬೆಂಕಿ ತಡೆಯುವ ಚೀಲದಲ್ಲಿ ಪ್ಯಾಕ್ ಇಡಬೇಕು, ಒಣ ಮರಳಿನ ಬಕೆಟ್ ಕೈಗೆಟುಕುವಂತಿರಬೇಕು. ಚಾರ್ಜ್ ಆಗುತ್ತಿರುವಾಗ ಮಲಗುವುದಾಗಲಿ, ಮನೆಗೆ ಕೀಲಿ ಹಾಕಿ ಪೇಟೆಗೆ ಹೋಗುವುದಾಗಲಿ ಸಲ್ಲದು. ಹೊಗೆ ಬಂದರೆ ಅದನ್ನು ಉಸಿರಾಡದೆ, ಮಕ್ಕಳನ್ನು ಕರೆದುಕೊಂಡು ಹೊರಬರುವುದು ಮೊದಲ ಕೆಲಸ.

ತುಂಬಿದ ಲಿಪೊವನ್ನು ಮುಂದಿನ ಭಾನುವಾರಕ್ಕಿರಲಿ ಎಂದು ಹಾಗೆಯೇ ಇಡುವುದು ನನ್ನ ಲೆಕ್ಕದಲ್ಲಿ ಅತಿ ದುಬಾರಿ ಅಭ್ಯಾಸ. 4.2 ವೋಲ್ಟಿನಲ್ಲಿ, ಅದರಲ್ಲೂ ಬೇಸಿಗೆಯಲ್ಲಿ, ಸೆಲ್ ಸುಮ್ಮನೆ ಕುಳಿತೇ ಮುಪ್ಪಾಗುತ್ತದೆ. ಎರಡು-ಮೂರು ದಿನದೊಳಗೆ ಓಡಿಸುವುದಿಲ್ಲವೆಂದಾದರೆ ಸ್ಟೋರೇಜ್ ಮೋಡ್‌ಗೆ ಹಾಕಿದರಾಯಿತು, ಚಾರ್ಜರ್ ತಾನಾಗಿ ಪ್ರತಿ ಸೆಲ್ಲನ್ನು 3.8 ವೋಲ್ಟಿನ ಆಸುಪಾಸಿಗೆ ತಂದು ನಿಲ್ಲಿಸುತ್ತದೆ.

ಗಟ್ಟಿ ಪ್ಲಾಸ್ಟಿಕ್ ಕವಚದ ಪ್ಯಾಕ್ ಉಬ್ಬಿದ್ದು ಕಣ್ಣಿಗೆ ಬೀಳುವುದಿಲ್ಲ. ಸಮತಟ್ಟಾದ ಕಲ್ಲಿನ ಮೇಲಿಟ್ಟು ಮೂಲೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಅದು ತೂಗಿದರೆ, ಇಲ್ಲವೇ ಕವಚದ ಜೋಡಣೆಯ ಗೆರೆ ಬಾಯಿ ಬಿಟ್ಟಿದ್ದರೆ, ಆ ಪ್ಯಾಕಿನ ಆಯುಷ್ಯ ಮುಗಿಯಿತು. ಅದನ್ನು ಚುಚ್ಚಬಾರದು, ಚಾರ್ಜಿಗೂ ಹಾಕಬಾರದು. ಕಸದ ಗಾಡಿಗೆ ಹಾಕುವಂತೆಯೂ ಇಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯನ್ನು ಮನೆಯ ಕಸದಿಂದ ಬೇರೆಯಾಗಿಯೇ ಕೊಡುವುದು ಬಳಕೆದಾರರ ಹೊಣೆ. ಪ್ಲಗ್ಗಿನ ಬಾಯಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸುವ ತನಕ ಮನೆಯ ಹೊರಗೆ, ಮಳೆ ಬಿಸಿಲು ತಾಗದ ಕಡೆ, ಮರಳು ತುಂಬಿದ ಡಬ್ಬಿಯಲ್ಲಿ ಇಟ್ಟಿರಬೇಕು.