ನಾಲ್ಕು ಗಂಟೆ ಪೆಡಲ್, ಒಂದು ಸಲದ ಡಯಾಲಿಸಿಸ್: ನನ್ನ ಅನುಭವ

ದೇಣಿಗೆಗೆ ಸೈಕಲ್ ಹೊಡೆಯೋದು ಅಂದ್ರೆ ಸಾವಿರ ಕಿಲೋಮೀಟರ್ ಟೂರ್, ಬಾವುಟ, ಜೆರ್ಸಿ, ಫೋಟೋ ಅಂತಲೇ ಎಲ್ಲರ ಲೆಕ್ಕ. ಅದನ್ನೆಲ್ಲ ಬಿಟ್ಟು ಡಯಾಲಿಸಿಸ್ ರೋಗಿಗಳಿಗಾಗಿ ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕೇ ಗಂಟೆ ಓಡಿಸುತ್ತೇನೆ ಅಂದಾಗ ಜೊತೆಯ ಸವಾರರು ಯಾರೂ ಒಪ್ಪಲಿಲ್ಲ. "ದಿನಾ ಹೊಡೆಯೋ ಸೈಕಲ್‌ಗೆ ಯಾರು ದುಡ್ಡು ಕೊಡ್ತಾರೆ?" ಅಂದರು. ಕೊಟ್ಟರು. ಹಿಂದಿನ ಟೂರ್‌ಗಳಲ್ಲಿ ರೋಗಿಗಳಿಗೆ ತಲುಪಿದ್ದಕ್ಕಿಂತ ಹೆಚ್ಚುಕಡಿಮೆ ಎರಡೂವರೆ ಪಟ್ಟು ಜಾಸ್ತಿ ತಲುಪಿದೆ, ಅದೂ ಒಂದೇ ವರ್ಷದಲ್ಲಿ.

ಟೂರ್‌ಗಳ ಕಥೆ ನಿಮಗೂ ಗೊತ್ತಿರುತ್ತೆ. ಕಿಲೋಮೀಟರಿಗೆ ಇಷ್ಟು ಅಂತ ಮಾತು ಕೊಟ್ಟವರಲ್ಲಿ ನೂರಕ್ಕೆ ಅರವತ್ತು ಜನ ಕೊಟ್ಟಿರಬಹುದು. ಉಳಿದವರು ಕೆಟ್ಟವರಲ್ಲ, ಟೂರ್ ಮುಗಿಯೋ ಹೊತ್ತಿಗೆ ಅವರ ಉತ್ಸಾಹ ಇಳಿದಿರುತ್ತೆ, ಆಮೇಲೆ ನೆನಪಿಸೋಕೆ ನಮಗೂ ಸಂಕೋಚ. ಬಂದದ್ದರಲ್ಲಿ ಮೂರನೇ ಒಂದು ಭಾಗ ಸಪೋರ್ಟ್ ಗಾಡಿ, ರೂಮು, ಬ್ಯಾನರ್ ಅಂತಲೇ ಹೋಗುತ್ತಿತ್ತು. ಒಂದು ಸಲವಂತೂ ಮುಂಗಡ ತೆಗೆದುಕೊಂಡವರು ಟೂರ್ ಮುಗಿದ ಮೇಲೆ ಜೆರ್ಸಿ ತಂದುಕೊಟ್ಟರು. ಅಮೆರಿಕದ ಪ್ಯಾನ್-ಮ್ಯಾಸ್ ಚಾಲೆಂಜ್ ಅನ್ನೋ ದೇಣಿಗೆ ಸೈಕಲ್ ಸವಾರಿ 1980ರಲ್ಲಿ ಬರೀ 36 ಸವಾರರಿಂದ ಶುರುವಾಯಿತು. ಈಗ ಅಲ್ಲಿ ಸವಾರರು ಸಂಗ್ರಹಿಸುವ ದುಡ್ಡು ಪೂರ್ತಿ ಡಾನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಗೇ ಹೋಗುತ್ತೆ, ನಡೆಸುವ ಖರ್ಚಿಗೆ ಬೇರೆ ದಾರಿ. ನಾನು ಹಿಡಿದದ್ದು ಅದೇ ನಿಯಮ: ಟೈರ್, ಚೈನ್, ಊಟ, ಪ್ರಯಾಣ ಎಲ್ಲ ನನ್ನ ಜೇಬಿಂದ.

ನಾಲ್ಕು ಗಂಟೆ ಯಾಕೆ? ಕಿಡ್ನಿ ಕೈಕೊಟ್ಟವರು ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ಸುಮಾರು ನಾಲ್ಕು ಗಂಟೆ ಡಯಾಲಿಸಿಸ್ ಯಂತ್ರದ ಪಕ್ಕ ಮಲಗಿರಬೇಕು. ಅಂಥ ಒಬ್ಬರು ತಮ್ಮ ತೋಳಿನ ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚೋಕೆ ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳ) ಮೇಲೆ ನನ್ನ ಬೆರಳು ಇಡಿಸಿದರು. ಚರ್ಮದ ಕೆಳಗೆ ರಕ್ತ ಗುಂಯ್ ಅಂತ ನಡುಗುತ್ತಿತ್ತು. ಅವತ್ತೇ ಲೆಕ್ಕ ಕೂಡಿಬಂತು: ನನ್ನ ಒಂದು ಸವಾರಿ, ಅವರ ಒಂದು ಸಲದ ಡಯಾಲಿಸಿಸ್, ಖರ್ಚು ಹೊರಲು ಒಬ್ಬ ದಾನಿ. ದೂರದ ಲೆಕ್ಕವೇ ಇಲ್ಲ. ಎದುರುಗಾಳಿ ಬಂದರೆ ಎಪ್ಪತ್ತು, ಇಲ್ಲದಿದ್ದರೆ ತೊಂಬತ್ತು ಕಿಲೋಮೀಟರ್, ಅದನ್ನು ಯಾರೂ ಕೇಳಲ್ಲ.

ದುಡ್ಡು ಸವಾರಿಗೆ ಮೊದಲೇ ಬರಬೇಕು, ನೇರ ಡಯಾಲಿಸಿಸ್ ಮಾಡಿಸುವ ಸಂಸ್ಥೆಯ ಖಾತೆಗೆ. ರಸೀದಿ ಬಂದ ಮೇಲೇ ನಾನು ಹೊರಡೋದು. ಹೀಗೆ ಮಾಡಿದ ಮೇಲೆ ಮಾತು ತಪ್ಪಿದವರು ನೂರಕ್ಕೆ ಐದೂ ಇಲ್ಲ.

ಸವಾರಿ ಮುಗಿದ ಕೂಡಲೇ ದಾನಿಗೆ ಒಂದು ಫೋಟೋ. ಅದರಲ್ಲಿ ನನ್ನ ಮುಖ ಇರಲ್ಲ, ರೋಗಿಯದ್ದಂತೂ ಇರಲೇಬಾರದು. ಎರಡು ಖಾಲಿ ಬಾಟಲಿ, ಅಷ್ಟೇ. ಮುಕ್ಕಾಲು ಲೀಟರಿನವು. ನಾನು ನಾಲ್ಕು ಗಂಟೆಯಲ್ಲಿ ಕುಡಿದ ಆ ಒಂದೂವರೆ ಲೀಟರ್, ಎಷ್ಟೋ ಡಯಾಲಿಸಿಸ್ ರೋಗಿಗಳಿಗೆ ಇಡೀ ದಿನಕ್ಕೂ ಸಿಗದ ನೀರು. ಅವರಿಗೆ ಕಾಫಿ, ಸಾರು ಎಲ್ಲ ಸೇರಿ ಸುಮಾರು ಒಂದು ಲೀಟರ್ ಮಿತಿ. ಫೋಟೋ ಜೊತೆ ಇದನ್ನೇ ಎರಡು ಸಾಲಲ್ಲಿ ಬರೆದು ಕಳಿಸುತ್ತೇನೆ, ಓದಿದವರಲ್ಲಿ ಅರ್ಧದಷ್ಟು ಜನ ಮತ್ತೆ ಕೊಟ್ಟಿದ್ದಾರೆ. ಮುಂದಿನ ತಿಂಗಳು ಅವರಿಗೆ ಏನು ಬರೆಯುತ್ತೇನೆ, ಯಾವ ದಿನ ಕಳಿಸುತ್ತೇನೆ ಅನ್ನೋದನ್ನು ಮಾತ್ರ ಇಲ್ಲಿ ಹೇಳಲ್ಲ, ಅದು ನಾನು ಕಷ್ಟಪಟ್ಟು ಕಂಡುಕೊಂಡದ್ದು.

ನಡುವೆ ಇನ್ನೊಂದು ಪ್ರಯೋಗ. ಡಯಾಲಿಸಿಸ್‌ಗೆ ಮೊದಲೂ ಆಮೇಲೂ ರೋಗಿಯ ತೂಕ ನೋಡ್ತಾರಲ್ವಾ, ನಾನೂ ಸವಾರಿಗೆ ಮೊದಲು ಮತ್ತು ಆಮೇಲೆ ತೂಕ ನೋಡಿಕೊಂಡೆ. ಬಿಸಿಲಿನ ದಿನ ಅಷ್ಟು ನೀರು ಕುಡಿದೂ ಒಂದೂವರೆ ಕಿಲೋ ಇಳಿದಿತ್ತು. ದೇಣಿಗೆಗೆ ಅದರಿಂದ ಏನೂ ಉಪಯೋಗ ಆಗಲಿಲ್ಲ, ಆದರೆ ಕೊನೆಯ ಗಂಟೆಯಲ್ಲಿ ಬರುತ್ತಿದ್ದ ಸೆಳೆತ ನಿಂತಿತು. ಯಾಕಂದ್ರೆ ಎರಡು ಬಾಟಲಿ ಸಾಲದು ಅಂತ ಗೊತ್ತಾಗಿ ಮೂರನೇದನ್ನೂ ಸೇರಿಸಿದೆ, ಅದು ದಾರಿಯಲ್ಲಲ್ಲ, ಹೊರಡೋ ಮೊದಲೇ ಕುಡಿದು ಖಾಲಿ. ಆಫೀಸಿನ ಹಾಲ್‌ನಲ್ಲಿ ಟ್ರೈನರ್ (ಸೈಕಲ್ಲನ್ನು ನಿಂತಲ್ಲೇ ತುಳಿಯೋ ಸ್ಟ್ಯಾಂಡ್) ಹಾಕಿಯೂ ನೋಡಿದೆ. ನೋಡೋಕೆ ನೂರಾರು ಜನ ನಿಂತರು, ಕೊಟ್ಟವರು ಬೆರಳೆಣಿಕೆ. ಈಗ ಟ್ರೈನರ್ ಮಳೆ ಜೋರಾದ ದಿನಕ್ಕೆ ಮಾತ್ರ.

ಶುರು ಮಾಡುವವರು ಒಂದು ಸಲದ ಖರ್ಚು ಎಷ್ಟು ಅಂತ ಸಂಸ್ಥೆಯಿಂದ ಬರವಣಿಗೆಯಲ್ಲೇ ತೆಗೆದುಕೊಳ್ಳಿ, ಸೂಜಿ, ಟ್ಯೂಬ್, ಔಷಧಿ ಸೇರಿದೆಯಾ ಅಂತ ಕೇಳಿ. ಒಬ್ಬ ರೋಗಿಗೆ ತಿಂಗಳಿಗೆ 12-13 ಸಲ ಬೇಕು. ಅಷ್ಟು ದಾನಿಗಳು ಕೈಯಲ್ಲಿದ್ದರೆ ಮಾತ್ರ ಆ ರೋಗಿಯ ತಿಂಗಳು ಒಪ್ಪಿಕೊಳ್ಳಿ. ನಾನು ಇನ್ನೂ ಇಬ್ಬರನ್ನು ಹೆಚ್ಚಿಗೆ ಇಟ್ಟುಕೊಂಡಿರುತ್ತೇನೆ.