ರೈನ್ ದಂಡೆಯ ನಿಧಾನದ ರೈಲಿನಲ್ಲಿ ಕೊಲೋನ್‌ಗೆ: ನನ್ನ ಅನುಭವ

ಫ್ರಾಂಕ್‌ಫರ್ಟ್‌ನಿಂದ ಕೊಲೋನ್‌ಗೆ ರೈಲಿನಲ್ಲಿ ಹೋಗಲು ಎರಡು ದಾರಿಗಳಿವೆ. 2002ರಲ್ಲಿ ಆರಂಭವಾದ ಹೊಸ ಮಾರ್ಗದಲ್ಲಿ ಐಸಿಇ ರೈಲು ಗಂಟೆಗೆ 300 ಕಿ.ಮೀ.ವರೆಗಿನ ವೇಗದಲ್ಲಿ ಓಡಿ, ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು ಸಮಯದಲ್ಲಿ ತಲುಪಿಸುತ್ತದೆ. ಮೈನ್ಜ್, ಕೊಬ್ಲೆನ್ಸ್, ಬಾನ್ ಊರುಗಳನ್ನು ಹಾದು ರೈನ್ ನದಿಯ ಎಡದಂಡೆಯಲ್ಲಿ ಸಾಗುವ ಹಳೆಯ ಮಾರ್ಗದ ಪ್ರಾದೇಶಿಕ ರೈಲುಗಳಿಗೆ ಮೂರೂವರೆಯಿಂದ ನಾಲ್ಕು ಗಂಟೆ ಬೇಕು. ಬೆನ್ನಿಗೊಂದು ಚೀಲ ಹಾಕಿಕೊಂಡು ಒಬ್ಬನೇ ವಾರಾಂತ್ಯಕ್ಕೆ ಹೊರಟ ನಾನು ಹೋಗುವಾಗ ಹಳೆಯ ದಾರಿಯನ್ನೂ ಬರುವಾಗ ಹೊಸ ದಾರಿಯನ್ನೂ ಆರಿಸಿಕೊಂಡೆ. ಕೊಲೋನ್ ಕ್ಯಾಥೆಡ್ರಲ್ ಎಂಬ ದೊಡ್ಡ ಚರ್ಚಿನ ಹಳೆಯ ಭಾಗ ಯಾವ ಗುಡ್ಡದ ಕಲ್ಲಿನಿಂದ ಎದ್ದಿತೋ ಆ ಗುಡ್ಡವನ್ನು ಮೊದಲು ಕಂಡು, ಆಮೇಲೆ ಕಟ್ಟಡದ ಮುಂದೆ ನಿಲ್ಲಬೇಕೆಂಬುದು ನನ್ನ ಆಸೆಯಾಗಿತ್ತು.

ಜರ್ಮನಿಯ ಎಲ್ಲ ಪ್ರಾದೇಶಿಕ ರೈಲುಗಳಲ್ಲೂ ಒಂದು ದಿನ ಓಡಾಡಲು ‘ಕ್ವೇರ್ ಡುರ್ಷ್ಸ್ ಲಾಂಡ್’ ಎಂಬ ಟಿಕೆಟ್ ಸಿಗುತ್ತದೆ. ಐಸಿಇಯಂತಹ ದೂರದ ರೈಲುಗಳಿಗೆ ಅದು ನಡೆಯುವುದಿಲ್ಲ. ಕೆಲಸದ ದಿನಗಳಲ್ಲಿ ಬೆಳಿಗ್ಗೆ 9ರ ನಂತರವೇ ಅದನ್ನು ಬಳಸಬೇಕಾಗಿರುವುದರಿಂದ, ಅಂತಹ ನಿರ್ಬಂಧವಿಲ್ಲದ ಶನಿವಾರವನ್ನು ನೋಡಿಕೊಂಡು ನಸುಕಿನಲ್ಲೇ ಹೊರಟೆ. ಉತ್ತರಕ್ಕೆ ಹೋಗುವಾಗ ನದಿ ಬಲಕ್ಕೆ ಬರುತ್ತದೆ. ಆದ್ದರಿಂದ ಬಲಬದಿಯ ಕಿಟಕಿ ಸಿಗುವಂತೆ ಬೇಗ ಹತ್ತಿಕೊಳ್ಳುವುದು ಒಳ್ಳೆಯದು.

ಬಿಂಗೆನ್ ದಾಟಿದ ಮೇಲೆ ಕಣಿವೆ ಕಿರಿದಾಗುತ್ತದೆ. ಅಲ್ಲಿಂದ ಕೊಬ್ಲೆನ್ಸ್‌ವರೆಗಿನ ಸುಮಾರು 65 ಕಿ.ಮೀ. ಭಾಗವನ್ನು 2002ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕಡಿದಾದ ಇಳಿಜಾರಿನ ದ್ರಾಕ್ಷಿ ತೋಟಗಳು, ಕೌಬ್ ಊರಿನೆದುರು ನದಿಯ ನಡುವೆಯೇ ನಿಂತಿರುವ ಪುಟ್ಟ ಕೋಟೆ, ನೀರಿನಿಂದ 132 ಮೀಟರ್ ಮೇಲೆದ್ದಿರುವ ಲೊರೆಲೈ ಬಂಡೆ ಒಂದರ ಹಿಂದೊಂದು ಬರುತ್ತವೆ. ದಂಡೆಯುದ್ದಕ್ಕೂ ದೋಣಿಗಳಿಗಾಗಿ ನೆಟ್ಟ ಬಿಳಿ ಫಲಕಗಳ ಮೇಲೆ, ಕಾನ್‌ಸ್ಟಾನ್ಸ್ ಊರಿನ ಸೇತುವೆಯಿಂದ ಎಣಿಸಿದ ಕಿಲೋಮೀಟರ್ ಸಂಖ್ಯೆಗಳಿವೆ. ಲೊರೆಲೈ ಹತ್ತಿರ 554 ಇರುವ ಆ ಸಂಖ್ಯೆ ಕೊಲೋನ್ ತಲುಪುವಾಗ 688 ಆಗುತ್ತದೆ. ನಕ್ಷೆ ಬಿಚ್ಚದೆ ಎಲ್ಲಿದ್ದೇನೆಂದು ತಿಳಿಯಲು ನನಗೆ ಆ ಫಲಕಗಳೇ ಸಾಕಾದವು.

ಕೊಬ್ಲೆನ್ಸ್‌ನಲ್ಲಿ ರೈಲು ಬದಲಿಸಿ, ರೆಮಾಗೆನ್ ದಾಟಿ, ಬಾನ್ ಬರುವುದಕ್ಕೆ ಮುಂಚೆ ಆಚೆ ದಡದಲ್ಲಿ ಡ್ರಾಖೆನ್‌ಫೆಲ್ಸ್ ಗುಡ್ಡ ಕಾಣಿಸಿತು. ಅದರ ಎತ್ತರ 321 ಮೀಟರ್. ನೆತ್ತಿಯ ಮೇಲೆ ಪಾಳುಬಿದ್ದ ಕೋಟೆಯ ಗೋಡೆಯೊಂದು ನಿಂತಿದೆ. ಜ್ವಾಲಾಮುಖಿಯಿಂದ ಹುಟ್ಟಿದ ಇಲ್ಲಿನ ಟ್ರಾಕೈಟ್ ಕಲ್ಲನ್ನು ಕಡಿದು, ಹೊಳೆಯ ಹರಿವಿನ ಜೊತೆಗೇ ದೋಣಿಗಳಲ್ಲಿ ಕೊಲೋನ್‌ಗೆ ಸಾಗಿಸುತ್ತಿದ್ದರು. ಕ್ಯಾಥೆಡ್ರಲ್ಲಿನ ಕೆಲಸ 1248ರಲ್ಲಿ ಶುರುವಾಗಿ, ಹದಿನಾರನೆಯ ಶತಮಾನದಲ್ಲಿ ಅರ್ಧಕ್ಕೇ ನಿಂತಿತು. 1836ರಲ್ಲಿ ಕೋಟೆಯ ಉಳಿವಿಗಾಗಿ ಆಗ ಈ ಪ್ರದೇಶವನ್ನು ಆಳುತ್ತಿದ್ದ ಪ್ರಷ್ಯಾ ಸರ್ಕಾರವು ಗುಡ್ಡದ ನೆತ್ತಿಯನ್ನು ಕೊಂಡುಕೊಂಡು ಅಲ್ಲಿ ಕಲ್ಲು ತೆಗೆಯುವುದನ್ನು ನಿಲ್ಲಿಸಿದ್ದರಿಂದ, 1842ರಲ್ಲಿ ಕಟ್ಟಡದ ಕೆಲಸ ಮತ್ತೆ ಆರಂಭವಾದಾಗ ಬೇರೆ ಕಡೆಗಳಿಂದ ಮರಳುಗಲ್ಲು ತರಬೇಕಾಯಿತು. ಹೀಗಾಗಿ 1880ರಲ್ಲಿ ಮುಗಿದ ಈ ಕಟ್ಟಡದಲ್ಲಿ ಯಾವ ಭಾಗ ಯಾವ ಕಾಲದ್ದೆಂಬುದನ್ನು ಕಲ್ಲು ನೋಡಿಯೇ ಬಹುಮಟ್ಟಿಗೆ ಹೇಳಬಹುದು.

ಕೊಲೋನ್‌ನ ಮುಖ್ಯ ನಿಲ್ದಾಣದಿಂದ ಹೊರಗೆ ಕಾಲಿಟ್ಟರೆ ಕ್ಯಾಥೆಡ್ರಲ್ ಎದುರಿಗೇ ಇದೆ. ಅಲ್ಪ ಸಮಯದ ಪ್ರವಾಸಿಗೆ ಇದಕ್ಕಿಂತ ಅನುಕೂಲವಾದ ಊರು ನನಗೆ ಗೊತ್ತಿಲ್ಲ. ದೊಡ್ಡ ಬೆನ್ನುಚೀಲಗಳನ್ನು ಒಳಗೆ ಬಿಡುವುದಿಲ್ಲವಾದ್ದರಿಂದ ಮೊದಲು ನಿಲ್ದಾಣದ ಲಗೇಜ್ ಯಂತ್ರಕ್ಕೆ ಚೀಲವನ್ನು ಒಪ್ಪಿಸಿದೆ. ಚೀಲವನ್ನು ಒಳಗಿಟ್ಟು ಹಣ ಕಟ್ಟಿದರೆ ಬಾಗಿಲು ಮುಚ್ಚಿಕೊಂಡು, ಯಂತ್ರವೇ ಅದನ್ನು ನೆಲದಡಿಗೆ ಒಯ್ದು ಒಂದು ಕಾರ್ಡನ್ನು ಕೊಡುತ್ತದೆ; ಆ ಕಾರ್ಡಿಲ್ಲದೆ ಚೀಲ ಮೇಲೆ ಬಾರದು, ಹಾಗಾಗಿ ಅದನ್ನು ಪಾಸ್‌ಪೋರ್ಟಿನ ಜೊತೆಗೇ ಇಟ್ಟುಕೊಂಡೆ.

ದಕ್ಷಿಣ ಗೋಪುರದ ಬುಡದಲ್ಲಿ ಗೋಡೆಗೆ ತೀರ ಹತ್ತಿರ ನಿಂತು ನೋಡಿದಾಗ, ಬೂದು ಬಣ್ಣದ ಕಲ್ಲಿನೊಳಗೆ ಬೆರಳಿನ ಗಿಣ್ಣಿನಷ್ಟು ಉದ್ದದ ಬಿಳಿಯ ಚಪ್ಪಟೆ ಹರಳುಗಳು ಹುದುಗಿರುವುದು ಕಂಡಿತು. ಇವು ಸಾನಿಡಿನ್ ಹರಳುಗಳು, ಡ್ರಾಖೆನ್‌ಫೆಲ್ಸ್ ಕಲ್ಲಿನ ಗುರುತು. ಬೆಳಕು ಓರೆಯಾಗಿ ಬಿದ್ದಾಗ ಅವು ಮಿನುಗುತ್ತವೆ. ಆಮೇಲೆ ಅದೇ ಗೋಪುರದ 533 ಮೆಟ್ಟಿಲುಗಳನ್ನು ಹತ್ತಿದೆ. ಲಿಫ್ಟ್ ಇಲ್ಲ, ಹತ್ತುವವರೂ ಇಳಿಯುವವರೂ ಒಂದೇ ಕಿರಿದಾದ ಸುರುಳಿ ಮೆಟ್ಟಿಲಿನಲ್ಲಿ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಳ್ಳಬೇಕು. ನಡುವೆ ಸಿಗುವ ಗಂಟೆಗಳ ಕೋಣೆಯಲ್ಲಿ 1923ರಲ್ಲಿ ಎರಕ ಹೊಯ್ದ, 24 ಟನ್ ತೂಕದ ಸೇಂಟ್ ಪೀಟರ್ ಗಂಟೆಯಿದೆ. ದಣಿವಾರಿಸಿಕೊಳ್ಳಲು ಅದೇ ಸರಿಯಾದ ಜಾಗ. ಕಟ್ಟಡದ ಒಳಗೆ ಜರ್ಮನ್ ಕಲಾವಿದ ಗೆರ್‌ಹಾರ್ಡ್ ರಿಕ್ಟರ್ ರೂಪಿಸಿ 2007ರಲ್ಲಿ ಕೂಡಿಸಿದ, 72 ಬಣ್ಣಗಳ ಸಣ್ಣ ಚೌಕಗಳಿಂದಾದ ದಕ್ಷಿಣದ ದೊಡ್ಡ ಕಿಟಕಿಯನ್ನು ಬಿಸಿಲಿರುವಾಗಲೇ ನೋಡಬೇಕು. ಆಗ ಬಣ್ಣಗಳು ನೆಲಕ್ಕೂ ಕಂಬಗಳಿಗೂ ಇಳಿದಿರುತ್ತವೆ.

ಊಟಕ್ಕೆ ಸಸ್ಯಾಹಾರಿಗಳು ಪರದಾಡಬೇಕಿಲ್ಲ. ತುರಿದ ಆಲೂಗಡ್ಡೆಯನ್ನು ಎಣ್ಣೆಯಲ್ಲಿ ಗರಿಗರಿಯಾಗಿ ಕರಿದು, ಬೇಯಿಸಿದ ಸೇಬಿನ ಗೊಜ್ಜಿನೊಂದಿಗೆ ಕೊಡುವ ‘ರೀವ್‌ಕೋಖೆ’ ಇಲ್ಲಿಯ ತಿಂಡಿ; ಹಿಟ್ಟಿಗೆ ಸಾಮಾನ್ಯವಾಗಿ ಮೊಟ್ಟೆ ಹಾಕುತ್ತಾರಾದ್ದರಿಂದ ಮೊಟ್ಟೆ ತಿನ್ನದವರು ಕೇಳಿಯೇ ತೆಗೆದುಕೊಳ್ಳಬೇಕು.

ಮರಳುವ ಐಸಿಇಗೆ ಮುಂಚಿತವಾಗಿ ಕೊಂಡ ಅಗ್ಗದ ಟಿಕೆಟ್ ಆ ಒಂದು ರೈಲಿಗೆ ಮಾತ್ರ ಸಲ್ಲುತ್ತದೆ. ಆದ್ದರಿಂದ ಭಾನುವಾರ ಸಂಜೆಯ ರೈಲನ್ನೇ ಹಿಡಿದೆ. ಬೆಳಿಗ್ಗೆ ಹೊಹೆನ್ಸೊಲ್ಲರ್ನ್ ಸೇತುವೆಯ ಮೇಲೆ ನಡೆದು ಆಚೆ ದಡದ ಡಾಯ್ಟ್ಸ್‌ಗೆ ಹೋಗಿ, ಎರಡೂ ಗೋಪುರಗಳನ್ನು ಪೂರ್ಣವಾಗಿ ದೂರದಿಂದ ನೋಡಿಬರಲು ಇದರಿಂದ ಸಾಕಷ್ಟು ಸಮಯ ಸಿಕ್ಕಿತು.