ಬೆಕ್ಕಿನ ಉಗುರು ತೆಗೆಯಲು ಅವಸರ ಬೇಡ

ಹೋದ ವಾರ ಪಕ್ಕದ ಮನೆಯ ಸೊಸೆ ಬೆಕ್ಕಿನ ಮರಿ ಎತ್ತಿಕೊಂಡು ಬಂದಳು. ಹಿಂದೆ ಅವಳ ಐದು ವರ್ಷದ ಮಗ. ಕೈ ಮೇಲೆ ಎರಡು ಕೆಂಪು ಗೆರೆ.

"ಅಜ್ಜಿ, ಇದರ ಉಗುರು ಹೆಂಗ ತೆಗೀಬೇಕ್ರಿ? ಕೌದಿ ಎಲ್ಲಾ ಕಿತ್ತಿ ಹಾಕ್ಯಾದ್ರಿ. ಈಗ ನೋಡ್ರಿ, ಕೂಸಿನ ಕೈನೂ ಪರಚ್ಯಾದ."

"ಉಗುರಿನ ಮಾತು ಆಮ್ಯಾಲೆ ಯವ್ವಾ, ಮೊದ್ಲ ಕೂಸಿನ ಕೈ ತೊಳಿ ನಡಿ" ಅಂದೆ.

ನಲ್ಲಿ ಬಿಟ್ಟು, ಸೋಪು ಹಚ್ಚಿ, 15 ನಿಮಿಷ ತೊಳೆಸಿದೆ. ಸುಮ್ನೆ ನೀರು ಸೋಕಿಸಿ ಬಿಟ್ಟರೆ ಆಗುವುದಿಲ್ಲ. ನಮ್ಮಲ್ಲಿ ನಾಯಿ ಕಚ್ಚಿದರೆ ಎಲ್ಲರೂ ಓಡುತ್ತಾರೆ, ಬೆಕ್ಕು ಪರಚಿದರೆ ಅರಿಶಿನ ಮೆತ್ತಿ ಮರೆತುಬಿಡುತ್ತಾರೆ. ರೇಬಿಸ್ ಬೆಕ್ಕಿನಿಂದಲೂ ಬರುತ್ತದೆ. ಅರಿಶಿನ, ಸುಣ್ಣ, ಖಾರದ ಪುಡಿ ಏನೂ ಮೆತ್ತಬೇಡಿ. ತೊಳೆದು ಅದೇ ದಿನ ದವಾಖಾನೆಗೆ ಕರೆದುಕೊಂಡು ಹೋಗಿ. ಚುಚ್ಚುಮದ್ದು ಬೇಕೋ ಬೇಡವೋ ಡಾಕ್ಟರು ಹೇಳಲಿ, ನಾವು ಹೇಳುವುದು ಬೇಡ. ಬೆಕ್ಕಿಗೂ ಮೂರು ತಿಂಗಳು ತುಂಬಿದ ಮೇಲೆ ರೇಬಿಸ್ ಲಸಿಕೆ ಹಾಕಿಸಬೇಕು. ಆಮೇಲೆ ಎಷ್ಟು ದಿನಕ್ಕೊಮ್ಮೆ ಅಂತ ದನದ ದವಾಖಾನೆಯಲ್ಲಿ ಬರೆದು ಕೊಡುತ್ತಾರೆ, ಆ ಚೀಟಿ ಜೋಪಾನ ಮಾಡಿ.

ಅವರು ದವಾಖಾನೆಗೆ ಹೋಗಿ ಬಂದ ಮೇಲೆ, ಮರುದಿನ ಬೆಳಿಗ್ಗೆ ಮರಿಯನ್ನು ಮಡಿಲಲ್ಲಿ ಹಾಕಿಕೊಂಡು ಕೂತೆ. ಆ ಹುಡುಗಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಈ ಊರಲ್ಲಿ ಬೆಕ್ಕು ಸಾಕಿದವರು ಬಹಳ ಜನ ಇದ್ದಾರೆ. ಉಗುರು ತೆಗೆಯುವುದು ಅಂದರೆ ಇಬ್ಬರು ಹಿಡಿದು, ಒಬ್ಬರು ಕತ್ತರಿಸಿ, ಬೆಕ್ಕು ಕಿರುಚಿ, ಮನೆಯೆಲ್ಲ ರಂಪ ಆಗುವುದು ಅಂತಲೇ ಹೆಚ್ಚಿನವರು ತಿಳಿದಿದ್ದಾರೆ. ಹಾಗೆ ಆಗಬೇಕಾಗಿಲ್ಲ.

ಮೊದಲು ಉಗುರು ಹೇಗಿದೆ ನೋಡಿ. ಮುಂದಿನ ಒಂದೊಂದು ಕಾಲಿಗೆ ಐದು, ಹಿಂದಿನ ಒಂದೊಂದಕ್ಕೆ ನಾಲ್ಕು, ಒಟ್ಟು 18. ಮುಂಗಾಲಿನ ಐದನೆಯದು ನಮ್ಮ ಹೆಬ್ಬೆರಳಿನ ಹಾಗೆ ಒಳಬದಿಯಲ್ಲಿ, ಸ್ವಲ್ಪ ಮೇಲೆ ಇರುತ್ತದೆ. ಅದು ನೆಲಕ್ಕೆ ತಾಗುವುದೇ ಇಲ್ಲ, ಸವೆಯುವುದೂ ಕಡಿಮೆ. ಎಲ್ಲರೂ ಮರೆಯುವುದು ಅದನ್ನೇ. ಅದರ ಕಥೆ ಮುಂದೆ ಹೇಳುತ್ತೇನೆ. ಬೆಕ್ಕು ಸುಮ್ಮನೆ ಕೂತಾಗ ಉಗುರು ಒರೆಯೊಳಗಿನ ಕತ್ತಿಯ ಹಾಗೆ ಒಳಗೆ ಸರಿದಿರುತ್ತದೆ. ಬೆರಳಿನ ಮೇಲೆ ನಮ್ಮ ಹೆಬ್ಬೆರಳು, ಕೆಳಗಿನ ಮೆತ್ತೆಗೆ ತೋರುಬೆರಳು ಇಟ್ಟು ಮೆಲ್ಲಗೆ ಒತ್ತಿದರೆ ಹೊರಗೆ ಬರುತ್ತದೆ. ಹಿಂಡಬಾರದು. ಹಣ್ಣಾದ ಬಾಳೆಹಣ್ಣು ಮೆತ್ತಗಾಗಿದೆಯಾ ಅಂತ ನೋಡುತ್ತೇವಲ್ವಾ, ಅಷ್ಟೇ ಒತ್ತು ಸಾಕು.

ಹೊರಗೆ ಬಂದ ಉಗುರನ್ನು ಬೆಳಕಿಗೆ ಹಿಡಿಯಿರಿ. ಬುಡದಲ್ಲಿ ಗುಲಾಬಿ ಬಣ್ಣದ ತಿರುಳು ಕಾಣುತ್ತದೆ. ಅದು ಜೀವ ಇರುವ ಭಾಗ. ಅಲ್ಲಿ ರಕ್ತ ಹರಿಯುತ್ತದೆ, ನೋವಿನ ನರವೂ ಅಲ್ಲೇ ಇದೆ. ಅದರ ಮುಂದೆ ಬಿಳಿಯಾಗಿ, ಗಾಜಿನ ಹಾಗೆ ಇರುವುದಷ್ಟೇ ನಾವು ತೆಗೆಯಬಹುದಾದ ಭಾಗ. ಗುಲಾಬಿ ತಿರುಳಿನಿಂದ ಕಡಿಮೆ ಅಂದರೂ 2 ಮಿಲಿಮೀಟರ್ ಬಿಟ್ಟು, ಕೊಕ್ಕೆಯ ಹಾಗೆ ಬಾಗಿದ ಚೂಪು ತುದಿಯನ್ನು ಮಾತ್ರ ತೆಗೆಯಿರಿ. ಉಗುರು ಕಪ್ಪಗಿದ್ದು ತಿರುಳು ಕಾಣದಿದ್ದರೆ ಸೂಜಿ ಮೊನೆಯಷ್ಟು ತೆಗೆದು ಬಿಟ್ಟುಬಿಡಿ. ಕೌದಿಯ ದಾರ ಎಳೆಯುವುದು, ಇಳಕಲ್ ಸೀರೆಗೆ ಸಿಕ್ಕಿಕೊಳ್ಳುವುದು, ಕೂಸಿನ ಕೈ ಗೀರುವುದು ಎಲ್ಲಾ ಆ ಚೂಪು ತುದಿಯೇ. ಅದು ಹೋದರೆ ನಮ್ಮ ಕೆಲಸ ಆಯಿತು. ಜಾಸ್ತಿ ತೆಗೆದರೆ ಜಾಸ್ತಿ ದಿನ ಬರುತ್ತದೆ ಅನ್ನುವ ಆಸೆ ಬೇಡ.

ದೀಪ ಹಚ್ಚಿದ ಮೇಲೆ ಉಗುರು ತೆಗೆಯಬಾರದು ಅಂತ ನಮ್ಮ ಅವ್ವ ಹೇಳುತ್ತಿದ್ದಳು. ಬೆಕ್ಕಿನ ವಿಷಯದಲ್ಲಂತೂ ಆ ಮಾತನ್ನು ಗಟ್ಟಿಯಾಗಿ ಹಿಡಿಯಿರಿ. ಟ್ಯೂಬ್‌ಲೈಟಿನ ಕೆಳಗೆ ನಮ್ಮದೇ ನೆರಳು ಉಗುರಿನ ಮೇಲೆ ಬೀಳುತ್ತದೆ, ತಿರುಳು ಕಾಣುವುದಿಲ್ಲ. ಬೆಳಿಗ್ಗೆ ಎಂಟು ಒಂಬತ್ತರ ಬಿಸಿಲು ಕಿಟಕಿಯಿಂದ ಬರುವಾಗ ಕೂತುಕೊಳ್ಳಿ. ಬೆಕ್ಕು ತಿಂದು, ಮೈ ನೆಕ್ಕಿಕೊಂಡು, ಕಣ್ಣು ಸಣ್ಣ ಮಾಡಿಕೊಂಡು ಕೂತಿರುತ್ತದೆ. ಅದೇ ಸರಿಯಾದ ಹೊತ್ತು. ಆಟಕ್ಕೆ ನಿಂತಿರುವ ಬೆಕ್ಕಿನ ಕಾಲು ಹಿಡಿದರೆ ಅದಕ್ಕೆ ಅದೂ ಆಟವೇ.

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ಕತ್ತರಿ ತರುವ ಮೊದಲು ಕಾಲಿನ ಸ್ನೇಹ ಮಾಡಿಕೊಳ್ಳಿ. ಬೆಕ್ಕಿಗೆ ತಲೆ ಸವರಿದರೆ ಖುಷಿ, ಗದ್ದ ಕೆರೆದರೆ ಇನ್ನೂ ಖುಷಿ, ಕಾಲು ಮುಟ್ಟಿದರೆ ಮಾತ್ರ ಸಿಟ್ಟು. ಓಡುವುದೂ ಹತ್ತುವುದೂ ಆ ಕಾಲಿನಿಂದಲೇ. ಅದನ್ನು ಬೇರೆಯವರು ಹಿಡಿದರೆ ಅದಕ್ಕೆ ಭಯ ಆಗುತ್ತದೆ. ಅದಕ್ಕೆ ಮೊದಲ ಮೂರು ನಾಲ್ಕು ದಿನ ಬೆನ್ನು ಸವರುತ್ತಾ ಸವರುತ್ತಾ ಕಾಲಿನ ಮೇಲೂ ಕೈ ಜಾರಿಸಿ, ಅಷ್ಟೇ. ಆಮೇಲೆ ಪಾದವನ್ನು ಒಂದು ಗಳಿಗೆ ಹಿಡಿದು ಬಿಡಿ. ಅದು ಎಳೆದುಕೊಂಡರೆ ನೀವು ಎಳೆಯಬೇಡಿ, ಬಿಟ್ಟುಬಿಡಿ. ಆಮೇಲೆ ಒಂದು ಉಗುರು ಒತ್ತಿ ಹೊರಗೆ ತಂದು ಬಿಡಿ. ಪ್ರತಿ ಸಲ ಬಾಯಿಗೆ ಏನಾದರೂ ಕೊಡಿ. ನಮ್ಮ ಮನೆಯಲ್ಲಿ ಬೆರಳ ತುದಿಗೆ ಚೂರು ಕೆನೆ ಹಚ್ಚಿ ನೆಕ್ಕಿಸುತ್ತೇನೆ. ಹಾಲು ಕೆನೆ ಎಲ್ಲ ಬೆಕ್ಕಿಗೂ ಆಗಿಬರುವುದಿಲ್ಲ, ಭೇದಿ ಆಗುವ ಬೆಕ್ಕುಗಳೂ ಇವೆ. ಅಂಥದ್ದಕ್ಕೆ ಬೇಯಿಸಿದ ಮೊಟ್ಟೆಯ ಚೂರೋ, ಉಪ್ಪು ಖಾರ ಹಾಕದ ಕೋಳಿಯ ಎಳೆಯೋ ಕೊಡಿ. ಒಗ್ಗರಣೆಯ ಅನ್ನ, ಉಳ್ಳಾಗಡ್ಡಿ, ಬೆಳ್ಳುಳ್ಳಿ ಬಿದ್ದ ಯಾವುದೂ ಬೇಡ. ಉಳ್ಳಾಗಡ್ಡಿ ಬೆಕ್ಕಿನ ರಕ್ತಕ್ಕೇ ಕೆಡುಕು.

ಹತ್ತು ದಿನ ಹೀಗೆ ಮಾಡಿದರೆ ಹೆಚ್ಚಿನ ಬೆಕ್ಕುಗಳು ಪಾದವನ್ನು ನಿಮ್ಮ ಅಂಗೈಯಲ್ಲಿ ಬಿಡುತ್ತವೆ. ಮರಿಗಳಾದರೆ ಇನ್ನೂ ಬೇಗ. ದೊಡ್ಡದಾದ ಮೇಲೆ ಬೀದಿಯಿಂದ ಬಂದ ಬೆಕ್ಕಾದರೆ ತಿಂಗಳೂ ಆಗಬಹುದು. ಆಗಲಿ.

ಇನ್ನು ಸಲಕರಣೆ. ಬೆಕ್ಕಿಗೆ ಅಂತಲೇ ಸಣ್ಣ ಕತ್ತರಿ ಬರುತ್ತದೆ. ಎರಡು ಅಲಗಿನಲ್ಲೂ ಅರ್ಧ ಚಂದ್ರನ ಹಾಗೆ ಕಚ್ಚು ಇರುತ್ತದೆ, ಉಗುರು ಅದರಲ್ಲಿ ಕೂರುತ್ತದೆ. ಸಾಕುಪ್ರಾಣಿಗಳ ಸಾಮಾನು ಮಾರುವ ಅಂಗಡಿಯಲ್ಲಿ ಕೇಳಿ. ನಮ್ಮ ನೇಲ್ ಕಟರ್ ಮರಿಯ ತೆಳು ಉಗುರಿಗೆ ನಡೆಯುತ್ತದೆ, ದೊಡ್ಡ ಬೆಕ್ಕಿಗೆ ಒಳ್ಳೆಯದಲ್ಲ. ಬೆಕ್ಕಿನ ಉಗುರು ನಮ್ಮದರ ಹಾಗೆ ಹರವಿಲ್ಲ, ಎರಡು ಪಕ್ಕದಿಂದ ಒತ್ತಿದ ಹಾಗೆ ಇದೆ. ಪಕ್ಕದಿಂದ ಹಿಡಿದು ಒತ್ತಿದರೆ ಸೀಳುತ್ತದೆ. ಯಾವ ಕಟರ್ ಆದರೂ ಅಲಗು ಉಗುರಿನ ಮೇಲೆ ಒಂದು, ಕೆಳಗೆ ಒಂದು ಬರುವ ಹಾಗೆ ಹಿಡಿಯಿರಿ. ಅಲಗು ಮೊಂಡಾಗಿದ್ದರೆ ಉಗುರು ಕತ್ತರಿಸುವುದಿಲ್ಲ, ಜಜ್ಜುತ್ತದೆ. ಬೆಕ್ಕಿನ ಕತ್ತರಿಯನ್ನು ಬೆಕ್ಕಿಗೇ ಇಡಿ, ಮಕ್ಕಳು ಹಾಳೆ ಕತ್ತರಿಸಲು ಒಯ್ಯದ ಹಾಗೆ ನೋಡಿಕೊಳ್ಳಿ.

ಕೂರುವುದು ಹೀಗೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಬೆಕ್ಕಿನ ಬೆನ್ನು ನಿಮ್ಮ ಹೊಟ್ಟೆಗೆ ತಾಗುವ ಹಾಗೆ, ಮುಖ ಆ ಕಡೆ ಇರುವ ಹಾಗೆ ಕೂರಿಸಿಕೊಳ್ಳಿ. ಮುಖಕ್ಕೆ ಮುಖ ಕೊಟ್ಟು ಹಿಡಿದರೆ ಅದು ಹೆದರುತ್ತದೆ. ಕೆಳಗೆ ಹಳೆ ಧೋತರದ ತುಂಡು ಹಾಸಿ. ನಮ್ಮ ಶಹಾಬಾದ್ ಕಲ್ಲಿನ ನೆಲ ನುಣುಪು, ಕಾಲು ಜಾರಿದರೆ ಬೆಕ್ಕು ಗಾಬರಿಯಾಗಿ ನಿಮ್ಮ ತೊಡೆಗೇ ಉಗುರು ಊರುತ್ತದೆ. ಕುತ್ತಿಗೆಯ ಚರ್ಮ ಹಿಡಿದು ಎತ್ತಬೇಡಿ. ತಾಯಿ ಬೆಕ್ಕು ಮರಿಯನ್ನು ಹಾಗೆ ಎತ್ತುತ್ತದೆ ನಿಜ, ದೊಡ್ಡ ಬೆಕ್ಕಿನ ಭಾರಕ್ಕೆ ಅದು ನೋವು.

ಬಹಳ ಒದ್ದಾಡುವ ಬೆಕ್ಕಿಗೆ ಟವೆಲ್ ಸುತ್ತಿ ಒಂದೇ ಕಾಲು ಹೊರಗೆ ಬಿಡುವ ಪದ್ಧತಿ ಇದೆ. ಒಳ್ಳೆಯದೇ. ಆದರೆ ಶರಣಬಸವೇಶ್ವರರ ಜಾತ್ರೆ ಮುಗಿಯಿತು ಅಂದರೆ ನಮ್ಮ ಕಲಬುರಗಿಯಲ್ಲಿ ಬಿಸಿಲು ಏರುತ್ತದೆ, ಮೇ ತಿಂಗಳಲ್ಲಿ 42 ಡಿಗ್ರಿ ದಾಟುವುದು ಇಲ್ಲಿ ಮಾಮೂಲು. ಆಗ ದಪ್ಪ ಟವೆಲ್ಲಿನಲ್ಲಿ ಸುತ್ತಿ ಹಿಡಿಯಬೇಡಿ. ತೆಳು ಹತ್ತಿ ಬಟ್ಟೆ, ಎರಡು ನಿಮಿಷ, ಫ್ಯಾನಿನ ಕೆಳಗೆ. ಬೆಕ್ಕು ನಾಯಿಯ ಹಾಗೆ ಬಾಯಿ ತೆರೆದು ಏದುಸಿರು ಬಿಟ್ಟರೆ ತಕ್ಷಣ ಬಿಚ್ಚಿ ತಣ್ಣಗಿನ ಜಾಗಕ್ಕೆ ಬಿಡಿ. ಮೂಗು ಚಪ್ಪಟೆ ಇರುವ ಪರ್ಷಿಯನ್ ಬೆಕ್ಕಿಗಂತೂ ಬೇಸಿಗೆಯಲ್ಲಿ ಸುತ್ತುವುದೇ ಬೇಡ.

ಹದಿನೆಂಟೂ ಒಂದೇ ದಿನ ಆಗಬೇಕು ಅಂತ ಯಾರೂ ಹೇಳಿಲ್ಲ. ಇವತ್ತು ಎರಡು ಉಗುರು, ನಾಳೆ ಮೂರು. ಬಾಲ ಪಟಪಟ ಬಡಿಯಲು ಶುರು ಮಾಡಿತು, ಕಿವಿ ಹಿಂದಕ್ಕೆ ಮಲಗಿತು, ಬೆನ್ನ ಚರ್ಮ ಅದುರಿತು ಅಂದರೆ ಅವತ್ತಿಗೆ ಮುಗಿಯಿತು. ಇನ್ನೊಂದೇ ಒಂದು ಅಂತ ಮುಂದುವರಿಸಿದರೆ ಆ ಒಂದರಿಂದ ಹತ್ತು ದಿನದ ಸ್ನೇಹ ಹಾಳಾಗುತ್ತದೆ. ಮನೆಯೊಳಗೇ ಇರುವ ಬೆಕ್ಕಿಗೆ ಎರಡು ಮೂರು ವಾರಕ್ಕೊಮ್ಮೆ ತೆಗೆದರೆ ಸಾಕು. ಹಿಂಗಾಲಿನ ಉಗುರು ನಡೆದಾಡಿ ಸವೆಯುತ್ತದೆ, ಅದಕ್ಕೆ ಅಷ್ಟು ಬೇಕಾಗುವುದಿಲ್ಲ. ಕತ್ತರಿಸಿದ ಚೂರುಗಳನ್ನು ಹಾಳೆಯಲ್ಲಿ ಹಿಡಿದು ಬಿಸಾಕಿ, ತೆವಳುವ ಕೂಸಿದ್ದ ಮನೆಯಲ್ಲಿ ಇದು ಮರೆಯಬಾರದು.

ತಪ್ಪಿ ಗುಲಾಬಿ ತಿರುಳಿಗೆ ತಾಗಿದರೆ? ನನ್ನ ಕೈಯಲ್ಲೂ ಒಮ್ಮೆ ಆಗಿದೆ. ಒಲೆ ಮೇಲೆ ಬೇಳೆ ಇಟ್ಟು, ಅದು ಉಕ್ಕುವ ಮೊದಲು ಮುಗಿಸಬೇಕು ಅಂತ ಕೂತಿದ್ದೆ. ಬೆಕ್ಕು ಚೀರಿತು, ಬಿಳಿ ಪಾದ ಕೆಂಪಾಯಿತು. ಆ ಕೂಗು ಇನ್ನೂ ನೆನಪಿದೆ. ಆಮೇಲೆ ಎರಡು ತಿಂಗಳು ಅದು ಆ ಕತ್ತರಿಯ ಸದ್ದು ಕೇಳಿದರೆ ಅಟ್ಟ ಹತ್ತುತ್ತಿತ್ತು. ಮತ್ತೆ ಮೊದಲಿನಿಂದ ಕಾಲು ಸವರಿ ನಂಬಿಕೆ ಹುಟ್ಟಿಸಬೇಕಾಯಿತು. ರಕ್ತ ನೋಡಿ ಗಾಬರಿ ಬೇಡ. ಮೆಕ್ಕೆಜೋಳದ ಹಿಟ್ಟನ್ನೋ ಮೈದಾ ಹಿಟ್ಟನ್ನೋ ಚಿಟಿಕೆ ತೆಗೆದುಕೊಂಡು ಉಗುರಿನ ತುದಿಗೆ ಒತ್ತಿ, ಶುದ್ಧ ಬಟ್ಟೆಯಿಂದ ಐದು ನಿಮಿಷ ಹಿಡಿಯಿರಿ. ನಡುನಡುವೆ ತೆಗೆದು ನೋಡಬೇಡಿ. ಸಾಮಾನ್ಯವಾಗಿ ನಿಲ್ಲುತ್ತದೆ. ಇಪ್ಪತ್ತು ನಿಮಿಷವಾದರೂ ನಿಲ್ಲದಿದ್ದರೆ ದನದ ದವಾಖಾನೆಗೆ ಒಯ್ಯಿರಿ. ಬೀದರ್ ಕಡೆಯವರಿಗೆ ನಂದಿನಗರದ ಪಶುವೈದ್ಯ ಕಾಲೇಜು ಇದೆ.

ಇಲ್ಲಿ ಎರಡು ವಿಷಯ ಗಟ್ಟಿಯಾಗಿ ಹೇಳಬೇಕು. ಗಾಯಕ್ಕೆ ಡೆಟಾಲ್ ಹಾಕಬೇಡಿ. ನಮಗೆ ಅದು ಔಷಧಿ, ಬೆಕ್ಕಿಗೆ ವಿಷ. ಅದು ಕಾಲು ನೆಕ್ಕದೆ ಬಿಡುವುದಿಲ್ಲ, ನೆಕ್ಕಿದ್ದೆಲ್ಲ ಹೊಟ್ಟೆಗೆ. ನೋವಾಗಿದೆ ಪಾಪ ಅಂತ ಪ್ಯಾರಾಸಿಟಮಾಲ್ ಚೂರು ಮಾಡಿ ಹಾಲಿನಲ್ಲಿ ಕೊಡುವುದಂತೂ ಬೇಡವೇ ಬೇಡ. ಒಂದೇ ಮಾತ್ರೆ ಬೆಕ್ಕಿನ ಜೀವ ತೆಗೆಯಬಹುದು.

ಈಗ ಆ ಐದನೇ ಉಗುರಿನ ಕಥೆ. ನಮ್ಮ ಮನೆಯಲ್ಲಿ ಒಂದು ಮುದಿ ಬೆಕ್ಕಿತ್ತು, ಹದಿಮೂರು ವರ್ಷ ಬದುಕಿತು. ಪ್ರಾಯದಲ್ಲಿ ಅಂಗಳದ ಬೇವಿನ ಮರ ಕೆರೆದು ಕೆರೆದು ಉಗುರನ್ನು ತಾನೇ ನೋಡಿಕೊಳ್ಳುತ್ತಿತ್ತು. ವಯಸ್ಸಾದ ಮೇಲೆ ಕೆರೆಯುವುದು ಬಿಟ್ಟಿತು, ದಿನವಿಡೀ ಮಲಗುತ್ತಿತ್ತು. ಒಂದು ದಿನ ಮುಂಗಾಲು ಎತ್ತಿ ಎತ್ತಿ ಹಾಕುತ್ತಿದೆ. ಸಂಧಿವಾತ ಇರಬಹುದು ಅಂತ ನಾಲ್ಕು ದಿನ ಸುಮ್ಮನಿದ್ದೆವು. ಆಮೇಲೆ ಕೂದಲು ಸರಿಸಿ ನೋಡಿದರೆ, ಒಳಬದಿಯ ಉಗುರು ಸುರುಳಿ ಸುತ್ತಿ ಪಾದದ ಮೆತ್ತೆಯೊಳಗೆ ಹೊಕ್ಕಿತ್ತು, ಕೀವು ಆಗಿತ್ತು. ಡಾಕ್ಟರು ಉಗುರು ಕತ್ತರಿಸಿ ಹೊರಗೆ ತೆಗೆದು, ಗಾಯ ತೊಳೆದು, ಔಷಧಿ ಕೊಟ್ಟರು. ಎರಡು ವಾರಕ್ಕೆ ವಾಸಿಯಾಯಿತು. ಎಷ್ಟು ದಿನದಿಂದ ನೋಯುತ್ತಿತ್ತೋ, ಅದು ಒಂದು ದಿನವೂ ಕೂಗಲಿಲ್ಲ. ಹತ್ತು ವರ್ಷ ದಾಟಿದ ಬೆಕ್ಕಿದ್ದವರು ವಾರಕ್ಕೊಮ್ಮೆ ನಾಲ್ಕೂ ಪಾದ ಹಿಡಿದು ನೋಡಿ. ಉಗುರು ದಪ್ಪಗಾಗಿ, ಪೂರ್ತಿ ಒಳಗೆ ಸರಿಯದೆ, ನಡೆದರೆ ಕಲ್ಲಿನ ಮೇಲೆ ಟಕ್ ಟಕ್ ಸದ್ದು ಬಂದರೆ ತಡಮಾಡಬೇಡಿ. ಮೆತ್ತೆಗೆ ಚುಚ್ಚಿದ ಉಗುರನ್ನು ಮಾತ್ರ ನೀವೇ ಎಳೆಯಲು ಹೋಗಬೇಡಿ, ಅದು ಡಾಕ್ಟರ ಕೆಲಸ.

ಎಲ್ಲ ಬೆಕ್ಕಿಗೂ ಉಗುರು ತೆಗೆಯಬೇಕಾಗಿಲ್ಲ. ದಾಲ್ ಮಿಲ್ಲಿನಲ್ಲಿ, ತೊಗರಿ ಚೀಲದ ಗೋದಾಮಿನಲ್ಲಿ ಇಲಿ ಹಿಡಿಯುವ ಬೆಕ್ಕು, ಮಾಳಿಗೆಯಿಂದ ಮಾಳಿಗೆಗೆ ಹಾರುವ ಬೆಕ್ಕು, ಇವುಗಳ ಉಗುರು ಮುಟ್ಟಬೇಡಿ. ನಾಯಿ ಅಟ್ಟಿಸಿಕೊಂಡು ಬಂದಾಗ ಮರ ಹತ್ತಲು ಅದೇ ಆಧಾರ. ಇನ್ನು ಉಗುರನ್ನು ಬುಡಸಮೇತ ತೆಗೆಸಿಬಿಡೋಣ, ಕಿರಿಕಿರಿ ತಪ್ಪುತ್ತದೆ ಅಂತ ಒಬ್ಬರು ಕೇಳಿದ್ದರು. ಅದು ಉಗುರು ತೆಗೆಯುವುದಲ್ಲ, ಬೆರಳಿನ ಕೊನೆಯ ಮೂಳೆಯನ್ನೇ ಕತ್ತರಿಸುವುದು. ದಯವಿಟ್ಟು ಆ ಯೋಚನೆಯನ್ನೇ ಬಿಡಿ.

ಕತ್ತರಿ ಹಾಕಿದರೂ ಬೆಕ್ಕು ಕೆರೆಯುವುದನ್ನು ಬಿಡುವುದಿಲ್ಲ, ಬಿಡಲೂಬಾರದು. ಉಗುರು ಉಳ್ಳಾಗಡ್ಡಿಯ ಹಾಗೆ ಪದರ ಪದರ ಬೆಳೆಯುತ್ತದೆ, ಕೆರೆದಾಗ ಮೇಲಿನ ಹಳೆ ಸಿಪ್ಪೆ ಕಳಚುತ್ತದೆ. ಮೂಲೆಯಲ್ಲಿ ಕಸ ಗುಡಿಸುವಾಗ ಅರ್ಧ ಚಂದ್ರನ ಹಾಗಿನ ಟೊಳ್ಳು ಸಿಪ್ಪೆ ಸಿಕ್ಕರೆ ಉಗುರು ಕಿತ್ತು ಬಂತು ಅಂತ ಹೆದರಬೇಡಿ. ಕೌದಿ ಉಳಿಯಬೇಕಾದರೆ ಕೆರೆಯಲು ಬೇರೆ ಏನಾದರೂ ಕೊಡಿ. ಒಂದು ಗಟ್ಟಿ ಮರದ ತುಂಡಿಗೆ ಪುಂಡಿ ನಾರಿನ ಹಗ್ಗ ಒತ್ತೊತ್ತಾಗಿ ಸುತ್ತಿ, ಅಲುಗದ ಹಾಗೆ ಗೋಡೆಗೆ ಆನಿಸಿ ಕಟ್ಟಿ. ಬೆಕ್ಕು ಪೂರ್ತಿ ಮೈ ಚಾಚಿ ನಿಲ್ಲುವಷ್ಟು ಎತ್ತರ ಇರಬೇಕು. ಹಗ್ಗ ಇಲ್ಲದಿದ್ದರೆ ಹಳೆ ಗೋಣಿ ಚೀಲವೂ ಆಗುತ್ತದೆ. ಅದು ಮಲಗಿ ಏಳುವ ಜಾಗದ ಹತ್ತಿರವೇ ಇಡಿ, ಎದ್ದ ತಕ್ಷಣ ಮೈ ಮುರಿದು ಕೆರೆಯುವುದು ಅದರ ರೂಢಿ.

ಪಕ್ಕದ ಮನೆಯ ಮರಿಯ ಉಗುರನ್ನು ಅವತ್ತು ನಾನು ತೆಗೆಯಲಿಲ್ಲ. ಕಾಲು ಸವರಿ, ಕೆನೆ ನೆಕ್ಕಿಸಿ ಕಳಿಸಿದೆ. ನಿನ್ನೆ ಸೊಸೆ ಮತ್ತೆ ಬಂದಿದ್ದಳು. "ಈಗ ಕಾಲು ಹಿಡಿದ್ರ ಸುಮ್ನ ಕೂಡ್ತದ್ರಿ ಅಜ್ಜಿ" ಅಂದಳು. ಬೆಳಗಿನ ಬಿಸಿಲಲ್ಲಿ ಅವಳ ಕೈಯಿಂದಲೇ ಎಡಗಾಲಿನ ಎರಡು ಉಗುರು ತೆಗೆಸಿದೆ. ಉಳಿದದ್ದಕ್ಕೆ ನಾಳೆ ಬರುತ್ತಾಳೆ.